ಕಿವಿ ಹೋದ ಚೂಟಿ

ನೆಲದಲ್ಲಿ ಹುಗಿದ ಬಾಂಬು ಸಿಡಿದಾಗ ಚೂಟಿಯ ಜೀವ ಉಳಿಯಿತು, ಕಿವಿಗಳೆರಡೂ ಹೋದವು. ಬಾಂಬುಗಳನ್ನು ಮೂಸಿ ಪತ್ತೆ ಹಚ್ಚುವುದು ಆ ಸೇನಾನಾಯಿಯ ಕೆಲಸವಾಗಿತ್ತು.

"ಕೂಗಿದ್ರೆ ಕೇಳದ ನಾಯಿನ ಬಾಂಬಿನ ಮಧ್ಯೆ ಹೇಗಯ್ಯಾ ಬಿಡೋದು?" ಎಂದರು ಕ್ಯಾಪ್ಟನ್, ಅದನ್ನು ನೋಡಿಕೊಳ್ಳುತ್ತಿದ್ದ ಸಿಪಾಯಿಗೆ. "ರಜೆ ಹಾಕಿ ಊರಿಗೆ ಹೋಗು. ಇದನ್ನ ಮನೇಲಿ ಬಿಟ್ಟು ಬಾ. ಬೇರೆ ನಾಯಿ ಕೊಡ್ತೀನಿ."

ಸಿಪಾಯಿ ಚೂಟಿಯನ್ನು ಕರೆದುಕೊಂಡು ಊರಿಗೆ ಹೊರಟ.

ಅವನ ಅಮ್ಮ ಬಟ್ಟೆ ಗಿರಣಿಯ ಮಗ್ಗಗಳ ಸದ್ದಿಗೆ ಕಿವಿ ಕಳೆದುಕೊಂಡವಳು. ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಅವಳ ವಾಸ. ಮಗನ ತುಟಿಗಳನ್ನೇ ನೋಡುತ್ತ ಸಂಗತಿಯನ್ನೆಲ್ಲ ತಿಳಿದುಕೊಂಡವಳು ಸಿಡುಕಿದಳು.

"ಕಿವಿ ಹೋದ್ರೆ ಮೂಗೂ ಹೋಯ್ತಾ? ಕಿವುಡಿಯಾದ ಮೇಲೂ ನಾನು ಮಗ್ಗ ನಡೆಸ್ಲಿಲ್ವಾ?"

ಅವತ್ತೇ ಪಾಠ ಶುರುವಾಯಿತು. ಹಲಗೆಯ ನೆಲವನ್ನು ಅವಳು ಕಾಲಿನಿಂದ ಧಪ್ಪೆಂದು ಗುದ್ದಿದರೆ ಅದರ ಅದುರು ಪಾದಕ್ಕೆ ತಾಗಿ ಚೂಟಿ ತಿರುಗಿ ನೋಡುತ್ತಿತ್ತು. ಅಂಗೈ ಎತ್ತಿದರೆ ಕೂರಬೇಕು, ಎದೆ ಮುಟ್ಟಿಕೊಂಡರೆ ಬರಬೇಕು. ಕೆಳಮನೆಯಾತ ಮೆಟ್ಟಿಲೇರಿ ಬಂದು ಕಿರುಚಿದ: "ಅಮ್ಮಾ, ಸೂರು ನಮ್ಮ ತಲೆ ಮೇಲೆ ಬೀಳುತ್ತೆ!"

"ಬಾಪ್ಪಾ, ಟೀ ಕುಡಿದೇ ಹೋಗು" ಎಂದಳು ಅಮ್ಮ.

ಆದರೆ ಬೀದಿಗಿಳಿದಾಗ ಆಟ ನಡೆಯಲಿಲ್ಲ. ಮಣ್ಣಿನ ಮೇಲೆ ಸಿಪಾಯಿ ಎಷ್ಟು ಗುದ್ದಿದರೂ ಚೂಟಿ ತನ್ನ ಪಾಡಿಗೆ ತಾನು ಮೂಸುತ್ತ ಮುಂದೆ ಹೋಯಿತು. ಅವನು ಸೋತು ಕಟ್ಟೆಯ ಮೇಲೆ ಕುಕ್ಕರಿಸಿದ.

"ಆಗಲ್ಲಮ್ಮ. ಇದಕ್ಕೆ ಗೊತ್ತೇ ಆಗ್ತಿಲ್ಲ."

"ಗಿರಣಿಲಿ ನಮ್ಮನ್ನ ಯಾರು ಕರೀತಿದ್ರು? ಆ ಗದ್ದಲದಲ್ಲಿ ಕರೆದ್ರೂ ಕೇಳ್ತಿರ್ಲಿಲ್ಲ. ನಾವೇ ಆಗಾಗ ತಲೆ ಎತ್ತಿ ಮೇಸ್ತ್ರಿ ಕಡೆ ನೋಡ್ತಿದ್ವಿ. ಚೂಟಿಗೂ ಅದನ್ನೇ ಕಲಿಸು. ಏಳು, ಕೂತ್ರೆ ಕೆಲಸ ಆಗಲ್ಲ."

ಅವನು ಎದ್ದ. ಚೂಟಿ ತಾನಾಗಿ ಹಿಂದಿರುಗಿ ನೋಡಿದಾಗಲೆಲ್ಲ ಒಂದು ತುಂಡು ಮಾಂಸ ಕೊಟ್ಟ. ನೋಡದಿದ್ದರೆ ಏನೂ ಇಲ್ಲ. ರಜೆ ಮುಗಿಯುವ ಹೊತ್ತಿಗೆ ನಾಲ್ಕು ಹೆಜ್ಜೆ ಮೂಸುವುದು, ತಿರುಗಿ ಅವನ ಮುಖ ನೋಡುವುದು ಚೂಟಿಗೆ ರೂಢಿಯಾಗಿಬಿಟ್ಟಿತು.

ಬರಿಗೈಲಿ ಬರಬೇಕಾದವನು ನಾಯಿಯೊಂದಿಗೇ ಬಂದದ್ದನ್ನು ಕಂಡು ಕ್ಯಾಪ್ಟನ್ ಹುಬ್ಬು ಗಂಟಿಕ್ಕಿದರು. "ಒಂದೇ ಒಂದು ಸಲ ನೋಡಿ ಸಾರ್" ಎಂದು ಅವನು ಹಟ ಹಿಡಿದ. ಮೈದಾನದಲ್ಲಿ ಚೂಟಿ ತಿರುಗಿ ನೋಡಿತು. ಅವನು ಅಂಗೈ ಎತ್ತಿದ. ಅದು ಕೂತಿತು. ಮತ್ತೆ ಮತ್ತೆ ಮಾಡಿಸಿದರು, ಒಮ್ಮೆಯೂ ತಪ್ಪಲಿಲ್ಲ.

"ಉದ್ದ ಹಗ್ಗ ಕಟ್ಟಿಕೊಂಡೇ ಬಿಡ್ಬೇಕು" ಎಂದರು ಕ್ಯಾಪ್ಟನ್, ಕೊನೆಗೆ. "ಆಸ್ಪತ್ರೆ ರಸ್ತೆಯಿಂದ ಶುರು ಮಾಡು."

ಶತ್ರುಗಳು ಬಾಂಬು ಹುಗಿದು ಬಿಟ್ಟುಹೋದ ಆ ರಸ್ತೆಯ ಈಚೆ ತುದಿಯಲ್ಲಿ ಗಾಯಾಳುಗಳ ಗಾಡಿಗಳು ಸಾಲಾಗಿ ಕಾದು ನಿಂತಿದ್ದವು. ಆಸ್ಪತ್ರೆಯ ಗೇಟು ಇನ್ನೇನು ಬಂತು ಎನ್ನುವಾಗ ಚೂಟಿ ಮೂಗನ್ನು ನೆಲಕ್ಕೆ ಹಚ್ಚಿ ನಿಂತಿತು, ಮೆಲ್ಲಗೆ ಕೂತಿತು, ತಿರುಗಿ ಅವನನ್ನು ನೋಡಿತು. ಬಾಂಬು ಸಿಕ್ಕಿತೆಂದು ಸಿಪಾಯಿಗೆ ತಿಳಿಯಿತು. ಅವನು ಎದೆ ಮುಟ್ಟಿಕೊಂಡ. ಚೂಟಿ ಬಂದ ದಾರಿಯಲ್ಲೇ ಹೆಜ್ಜೆಯಿಡುತ್ತ ಅವನ ಬಳಿ ಬಂತು.

ಬಾಂಬನ್ನು ತೆಗೆದ ಮೇಲೆ ಗಾಡಿಗಳು ಒಂದೊಂದಾಗಿ ಒಳಗೆ ಹೋದವು. ಸಿಪಾಯಿ ಚೂಟಿಗೆ ನೀರು ಕುಡಿಸಿದ, ಕತ್ತು ತುರಿಸಿದ. ಆಸ್ಪತ್ರೆಯ ಹಿಂದಿನ ಅಂಗಳವನ್ನು ಹುಡುಕುವುದು ಇನ್ನೂ ಬಾಕಿಯಿತ್ತು. ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಇಬ್ಬರೂ ಅತ್ತ ನಡೆದರು.