ಹಳೇದು ಒಳಗ ಐತಿ

ಕಂಪ್ಯೂಟರಿನ ಪರದೆಯ ಮೇಲೆ ಹೊಸ ಪ್ರೋಗ್ರಾಂನ ಕಿಟಕಿ ತೆರೆದುಕೊಂಡಿತು. ಅಭಿಜಿತನಿಗೆ ಗಾಬರಿಯಾಯಿತು. ಒಂದೇ ಸಲಕ್ಕೆ ತೆರೆದುಕೊಳ್ಳುತ್ತದೆಂದು ಅವನು ನಂಬಿರಲಿಲ್ಲ.

"ಆತೇನ್ರಿ?" ಖಾನಾಪುರದ ಹೆಂಚಿನ ಕಾರ್ಖಾನೆಯ ಆಫೀಸು ನೋಡಿಕೊಳ್ಳುವ ಕುಮುದಿನಿ ಕೇಳಿದಳು.

"ಆದಂಗ ಕಾಣತೈತ್ರಿ."

"ಕಾಣತೈತಿ ಅಂದ್ರ?"

ಅವನು ಪರದೆಯತ್ತ ಬಗ್ಗಿದ. ಎಷ್ಟೋ ವರ್ಷದ ಹಿಂದೆ ಇದೇ ಮೇಜಿನ ಮುಂದೆ ಕೂತು, ಭಟ್ಟಿಗೆ ಹೋದ ಹೆಂಚು, ಒಡೆದ ಹೆಂಚು, ಉಳಿದ ಹೆಂಚಿನ ಲೆಕ್ಕಕ್ಕೆ ಅವನೇ ಪ್ರೋಗ್ರಾಂ ಬರೆದುಕೊಟ್ಟಿದ್ದ. ಬೂದು ಬಟನ್ನುಗಳ ಆ ಪ್ರೋಗ್ರಾಂ ಇನ್ನೂ ಗಟ್ಟಿಯಾಗಿತ್ತು. ಆದರೆ ಅದನ್ನು ನಡೆಸುತ್ತಿದ್ದ ಕಂಪ್ಯೂಟರ್ ಪ್ಲಾಟ್‌ಫಾರ್ಮ್ ಮುದಿಯಾಗಿತ್ತು. ಬೆಳಗಾವಿಯ ಹಿಂದವಾಡಿಯಲ್ಲಿದ್ದ ಅವನ ಆಫೀಸಿಗೆ ಹೊಸ ಪ್ಲಾಟ್‌ಫಾರ್ಮ್ ಬಲ್ಲ ಮಯೂರಿ ಬಂದಳು. ಅಲ್ಲಿನ ಮಾಲೀಕ ಧನ್ಯಕುಮಾರ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದ: "ಹಳೇದು ಒಗಿಯೂದು ಬ್ಯಾಡ. ಹೊಸಾದರಾಗ ಕೂಡಿಸ್ರಿ. ಎರಡೂ ಒಂದ ಆಗಬೇಕು."

ಇಬ್ಬರೂ ತಲೆಯಾಡಿಸಿದ್ದರು. ಒಂದು ಅಂದರೆ ಯಾವುದು ಎಂದು ಇಬ್ಬರೂ ಕೇಳಿರಲಿಲ್ಲ. ಮಯೂರಿ ಕೂಡಿಸಿಕೊಟ್ಟದ್ದನ್ನು ಹಾಕಲು ಅವನು ಇಂದು ಇಲ್ಲಿಗೆ ಬಂದಿದ್ದ.

"ಚಂದ ಆಗೇತಿ ಬಿಡ್ರಿ," ಎಂದಳು ಕುಮುದಿನಿ. "ನಮ್ಮ ಹಳೇದು ಎಲ್ಲೈತಿ?"

"ಒಳಗ ಐತ್ರಿ."

"ಕಾಣವಲ್ದಲ್ಲ."

"ಕಾಣಬಾರದ್ರಿ."

ಅವಳು ಚಹಾ ತರಲು ಹೋದಳು. ಅವನು ಲೆಕ್ಕ ಹಾಕಿಸಿ ನೋಡಿದ. ಅವನ ಪ್ರೋಗ್ರಾಂ ಮೊತ್ತ ಹೇಳುವ ಮೊದಲು ಸ್ವಲ್ಪ ತಡೆಯುತ್ತಿತ್ತು. ಹೊಸದು ತಡೆಯಲಿಲ್ಲ. ಅನುಮಾನ ಬಂದು ತನ್ನ ಹಳೆಯ ಪ್ರೋಗ್ರಾಂನ ಫೈಲನ್ನೇ ಅಲ್ಲಿಂದ ಎತ್ತಿ ಬೇರೆ ಕಡೆ ಇಟ್ಟ. ತನ್ನ ಭಾಗವಿಲ್ಲದೆ ಈಗ ಇದು ನಡೆಯದೆ ನಿಲ್ಲಬೇಕು. ನಿಂತರೆ ಸಾಕು ಎಂದು ತಾನು ಬೇಡಿಕೊಳ್ಳುತ್ತಿರುವುದು ಗೊತ್ತಾಗಿ ನಾಚಿಕೆಯಾಯಿತು. ಮತ್ತೆ ಚಾಲೂ ಮಾಡಿದ.

ಕಿಟಕಿ ತೆರೆಯಿತು. ಲೆಕ್ಕ ಸರಿಯಾಗಿ ಬಂತು.

ಮಯೂರಿಗೆ ಫೋನ್ ಮಾಡಿದ. "ನನ್ನ ಭಾಗ ತಗದೀಯೇನು?"

"ಇಲ್ರಿ ಸರ್, ಇಟ್ಟೇನಲ್ರಿ."

"ಕೆಲಸಾ ಮಾಡತೈತೇನು ಅದು?"

"ತಗದ್ರ ನಿಮಗ ಬ್ಯಾಸರ ಆಗತೈತಿ ಅಂತ... ಹಂಗ ಬಿಟ್ಟೇನ್ರಿ."

ಮರುಕವೋ, ಮರ್ಯಾದೆಯೋ? ಸಿಟ್ಟು ಮಾಡಬೇಕೋ, ಉಪಕಾರ ಆತು ಅನ್ನಬೇಕೋ ತಿಳಿಯದೆ ಫೋನಿಟ್ಟ.

ಕುಮುದಿನಿ ಚಹಾ ಇಟ್ಟಳು. "ಎಲ್ಲಾ ಬರೋಬ್ಬರಿ ಐತೇನ್ರಿ?"

"ಐತ್ರಿ."

ಹೊರಡುವ ಮೊದಲು ತನ್ನ ಫೈಲನ್ನು ಇದ್ದಲ್ಲಿಗೇ ವಾಪಸಿಟ್ಟ. ಯಾಕೆಂದು ಅವನಿಗೂ ಹೊಳೆಯಲಿಲ್ಲ.

ಸ್ಟೇಶನ್ನಿನಲ್ಲಿ ಬಂದು ನಿಂತ ಗಾಡಿಯನ್ನು ಹತ್ತಿ ಕೂತ. ಊರು ಮುಗಿದು ಗಿಡಗಳು ಒತ್ತಾಗತೊಡಗಿದಾಗಲೂ ಏನೂ ಅನ್ನಿಸಲಿಲ್ಲ. ಗುಂಜಿ ಎಂಬ ಬೋರ್ಡು ಕಂಡ ಮೇಲೆ, ತಾನು ಉಲ್ಟಾ ದಿಕ್ಕಿನ ಗಾಡಿ ಹತ್ತಿದ್ದು, ಬೆಳಗಾವಿ ಬೆನ್ನಿಗೆ ಉಳಿದದ್ದು ತಿಳಿಯಿತು. ಇಳಿದ.

"ಬೆಳಗಾವಿ ಗಾಡಿ ಯಾವಾಗ್ರಿ?" ಬೆಂಚಿನ ಮೇಲಿದ್ದ ಮುದುಕನನ್ನು ಕೇಳಿದ.

"ಬರತೈತಿ, ಕುಂದರ್ರಿ."

ಕೂತ. ಸಂಜೆಯ ಬೆಳಕಿನಲ್ಲಿ ಕಾಡಿನ ಕಡೆಯಿಂದ ಗೂಡ್ಸ್ ಗಾಡಿಯೊಂದು ನಿಲ್ಲದೆ ಹಾಯತೊಡಗಿತು. ಡಬ್ಬಿಗಳೆಲ್ಲ ಮುಗಿದ ಮೇಲೆ ತುದಿಗೆ ಇನ್ನೊಂದು ಹಳೇ ಇಂಜಿನ್ ಕಟ್ಟಿದ್ದರು. ದೀಪವಿಲ್ಲ. ಸದ್ದಿಲ್ಲ. ಒಳಗೆ ಯಾರೂ ಇಲ್ಲ. ಅದರ ಚಕ್ರಗಳೂ ಉಳಿದ ಚಕ್ರಗಳಷ್ಟೇ ಜೋರಾಗಿ ತಿರುಗುತ್ತಿದ್ದವು.