ತೋಯದ ಜಾಗ

ಆಸ್ಪತ್ರೆಯವರು ಕೇಳಿದ್ದು ಒಂದು ಕೌದಿ. ಹೊದೆಯಲಿಕ್ಕಲ್ಲ, ರೋಗಿಗಳ ಮನೆಯವರು ಕಾದು ಕೂರುವ ಹಾಲಿನ ಗೋಡೆಗೆ. ಮಳೆ, ಮರಗಳು, ನಡುವೆ ಒಂದು ದಾರಿ. ಎಲೆಗಳಿಗೆ ಹಳೆಯ ಪರದೆಗಳ ಹಸಿರು ಸಿಕ್ಕಿತು, ಕಾಂಡಗಳಿಗೆ ಸವೆದ ಪ್ಯಾಂಟುಗಳ ಕಂದು. ಆಕಾಶಕ್ಕೆ ಮಾತ್ರ ಬಟ್ಟೆ ಸಿಗಲಿಲ್ಲ. ಬೂದು ಬಣ್ಣದ ಹತ್ತಿಬಟ್ಟೆ ಒಣಒಣ ಕಂಡಿತು, ಸ್ಯಾಟಿನ್ ಮದುವೆಗೆ ಹೊರಟಂತೆ ಕಂಡಿತು.

"ಇದನ್ನ ಕತ್ತರಿಸು," ಎಂದು ಅತ್ತೆ ಒಂದು ಮಧ್ಯಾಹ್ನ ಸೊಸೆಯ ಹೊಲಿಗೆಯ ಮೇಜಿನ ಮೇಲೆ ಹಾಕಿದ್ದು ಮಗನ ರೇನ್‌ಕೋಟು.

ಸೊಸೆಯ ಕೈ ಅಲ್ಲೇ ನಿಂತಿತು. ಅವಳ ಗಂಡ ಲೈನ್‌ಮ್ಯಾನ್ ಆಗಿದ್ದ. ನಾಲ್ಕು ಮಳೆಗಾಲಗಳ ಹಿಂದೆ ಊರಾಚೆ ಮರ ಬಿದ್ದು ತಂತಿ ಹರಿದಿದೆ ಎಂದು ಕರೆ ಬಂತು. ಬಿಸಿಲಿತ್ತೆಂದು ಕೋಟು ಬಿಟ್ಟು ಹೋದ. ಮಳೆ ಬಂದದ್ದು, ಹೊಳೆ ಉಕ್ಕಿದ್ದು ಆಮೇಲೆ. ಬೈಕು ಸಿಕ್ಕಿತು, ಅವನು ಸಿಗಲಿಲ್ಲ. ದೇಹ ಕಾಣದ ಸಾವನ್ನು ಮನೆಯಲ್ಲಿ ಯಾರೂ ಸಾವು ಎನ್ನಲಿಲ್ಲ. ಗೋಡೆಗೆ ಬಣ್ಣವಾಗಲಿ, ಮಂಚದ ಮುರಿದ ಕಾಲಾಗಲಿ, ಎಲ್ಲಕ್ಕೂ ಅತ್ತೆಯದು ಒಂದೇ ಉತ್ತರ: ಅವನು ಬಂದಮೇಲೆ. ಈ ಕಾಯುವುದು ಒಂದು ಸಲ ಮುಗಿದರೆ ಸಾಕು ಎಂದು ಸೊಸೆಗೆ ಅನಿಸುತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಬಂದಿರಲಿಲ್ಲ.

"ಅವರು ಬಂದು ಕೇಳಿದ್ರೆ?"

"ಹೊಸದು ಹೊಲಿದು ಕೊಡು. ದರ್ಜಿಯನ್ನ ಮದುವೆ ಆಗಿದ್ದು ಮತ್ಯಾಕೆ?"

ಕೋಟಿನ ಬೆನ್ನು ಆಕಾಶವಾಯಿತು. ನೆನೆದ ಸಂಜೆಯ ಬೆಳಕು ಅದರಲ್ಲಿ ತಾನಾಗಿಯೇ ಇತ್ತು. ಆದರೆ ಆ ಬಟ್ಟೆಗೊಂದು ಕೆಟ್ಟ ಗುಣ. ಹತ್ತಿಯಾದರೆ ಹೊಲಿಗೆ ಬಿಚ್ಚಿ ಉಗುರಿನಿಂದ ತೀಡಿದರೆ ತೂತು ಮುಚ್ಚಿಕೊಳ್ಳುತ್ತದೆ. ಇದರಲ್ಲಿ ಬಿದ್ದ ತೂತು ಬಿದ್ದೇ ಇರುತ್ತದೆ. ಅದಕ್ಕೇ ಅವಳು ಗುಂಡುಸೂಜಿಯನ್ನೂ ಚುಚ್ಚದೆ ಕ್ಲಿಪ್ ಹಾಕಿ, ಸೀಮೆಸುಣ್ಣದಲ್ಲಿ ಓರೆಗೆರೆ ಎಳೆದು, ಬೆಳ್ಳಿಬಣ್ಣದ ದಾರದಲ್ಲಿ ಕೈಯಿಂದಲೇ ಮಳೆ ಹೊಲಿದಳು.

ಮರುದಿನ ಬೆಳಿಗ್ಗೆ ಎರಡು ಮರಗಳ ನಡುವೆ ಮಳೆ ಇರಲಿಲ್ಲ.

ಅತ್ತೆಯ ಕೆಲಸವೆಂದುಕೊಂಡು ಅವಳು ಹಲ್ಲು ಕಚ್ಚಿ ಮತ್ತೆ ಹೊಲಿದಳು. ಮತ್ತೆ ಬಿಚ್ಚಿತ್ತು. ಮೂರನೆಯ ಸಲ ತಡೆಯಲಾಗಲಿಲ್ಲ.

"ಅತ್ತೆ, ಬೇಡ ಅಂದಿದ್ರೆ ನಾನು ಕತ್ತರೀನೇ ಹಾಕ್ತಿರ್ಲಿಲ್ಲ. ಕೊಟ್ಟು ಆಮೇಲೆ ಬಿಚ್ಚೋದು ಯಾವ ನ್ಯಾಯ?"

"ನಾನಾ?" ಅತ್ತೆ ಪೊರೆ ಬಂದ ಕಣ್ಣು ಅಗಲಿಸಿದರು. "ಸೂಜಿ ಪೋಣಿಸೋಕೆ ನಿನ್ನ ಕಾಲು ಹಿಡೀಬೇಕು ನಾನು. ಬೂದು ಬಟ್ಟೇಲಿ ಬೆಳ್ಳಿ ದಾರ ಹುಡುಕ್ತೀನಾ? ನೀನೇ ಮನಸ್ಸು ಸರಿಹೋಗ್ದೆ ಬಿಚ್ತಿದೀಯ ಅಂದ್ಕೊಂಡು ನಾನು ಬಾಯಿಗೆ ಬೀಗ ಹಾಕ್ಕೊಂಡಿದ್ದೆ."

ಸೊಸೆ ಮೇಜಿನ ಅಂಚಿನತ್ತ ನೋಡಿದಳು. ಬಿಚ್ಚಿದ ದಾರವನ್ನು ಯಾರೋ ಬೆರಳಿಗೆ ಸುತ್ತಿ ಸುರುಳಿ ಮಾಡಿ, ತುದಿಯನ್ನು ಎರಡು ಸುತ್ತು ಬಿಗಿದು ಒಳಗೆ ಸಿಕ್ಕಿಸಿದ್ದರು. ದರ್ಜಿಗಳು ದಾರವನ್ನು ಹಾಗೆ ಸುತ್ತುವುದಿಲ್ಲ. ಲೈನ್‌ಮ್ಯಾನ್‌ಗಳು ತಂತಿಯನ್ನು ಸುತ್ತುತ್ತಾರೆ ಹಾಗೆ.

ಅವಳು ಸುರುಳಿಯನ್ನು ಅತ್ತೆಯ ಅಂಗೈಯಲ್ಲಿಟ್ಟಳು. ಅತ್ತೆ ಹೆಬ್ಬೆರಳಿನಿಂದ ಸವರಿ ನೋಡಿದರು, ಮುಷ್ಟಿ ಮುಚ್ಚಿದರು.

ಕೌದಿಯ ಹಿಂಬದಿಗೆ ಹತ್ತಿಯ ಪದರವನ್ನು ಇನ್ನೂ ಸೇರಿಸಿರಲಿಲ್ಲ. ಬಟ್ಟೆ ಎಷ್ಟು ಹಾಳಾಗಿದೆಯೆಂದು ನೋಡಲು ಸೊಸೆ ಅದನ್ನು ಕಿಟಕಿಗೆ ಹಿಡಿದಳು. ದಾರ ಬಿಚ್ಚಿದ ಸಾಲುಸಾಲು ತೂತುಗಳಲ್ಲಿ ಬಿಸಿಲು ತೂರಿತು. ಮರಗಳ ನಡುವೆ ಒಬ್ಬ ಮನುಷ್ಯ ನಿಂತಿದ್ದ: ತಲೆ, ಎರಡು ತೋಳು, ನೇರ ಕಾಲುಗಳು.

"ಏನಾಯ್ತೇ?"

ಅವಳು ಅತ್ತೆಯ ಬೆರಳುಗಳನ್ನು ಹಿಡಿದು ತೂತುಗಳ ಮೇಲಿಟ್ಟಳು. ಜೀವಮಾನವಿಡೀ ಹೊಲಿದ ಬೆರಳುಗಳು ಅವು, ಮೆಲ್ಲಗೆ ನಡೆದವು. ಕತ್ತು. ಭುಜ. ಎಡಭುಜ ಕೊಂಚ ತಗ್ಗು. ಸಲಕರಣೆಯ ಚೀಲ ಹೊತ್ತು ಹೊತ್ತು ಅವನ ಎಡಭುಜ ಹಾಗೇ ಇಳಿದಿತ್ತು.

ಅತ್ತೆ ಕೈ ತೆಗೆಯಲಿಲ್ಲ. "ಕೋಟು ಕಿತ್ಕೊಂಡ್ವಿ," ಎಂದರು. "ಸಾಲದು ಅಂತ ಮೇಲೆ ಮಳೆ ಬೇರೆ ಹಾಕ್ತಿದೀಯ. ಅವನು ಬಿಚ್ದೆ ಇನ್ನೇನು ಮಾಡ್ತಾನೆ?"

ಸೊಸೆಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು.

ಕೋಟಿನ ತೋಳುಗಳು, ಟೋಪಿ ಉಳಿದಿದ್ದವು. ಅವುಗಳಿಂದ ಅವಳು ಅಂಗೈಯಗಲದ ಪುಟ್ಟ ಕೋಟೊಂದನ್ನು ಕತ್ತರಿಸಿದಳು. ತೂತುಗಳ ಮೇಲಿಟ್ಟು ಹೊಲಿದರೆ ಬಟ್ಟೆಗೂ ಬಲ ಬರುತ್ತಿತ್ತು. ಟೋಪಿ ಏರಿಸಿದ ಮನುಷ್ಯನಿಗೆ ಮುಖವಿಲ್ಲ, ಬೆನ್ನಿಲ್ಲ. ಬರುತ್ತಿದ್ದಾನೋ ಹೋಗುತ್ತಿದ್ದಾನೋ ಎಂದು ಹೇಳುವುದು ಕಾಲು ಮಾತ್ರ. ಹಳೆಯ ಪರ್ಸಿನ ಚರ್ಮದಲ್ಲಿ ಬೂಟುಗಳನ್ನು ಕತ್ತರಿಸಿ ಅವಳು ಒಮ್ಮೆ ಹೀಗೆ, ಒಮ್ಮೆ ಹಾಗೆ ಇಟ್ಟು ನೋಡಿದಳು. ಬೂಟಿನ ತುದಿ ಈ ಕಡೆಗಿಟ್ಟರೆ ಅವನು ಮನೆಗೆ ಬರುತ್ತಿರುತ್ತಾನೆ. ಈ ಮನೆ ಇನ್ನೂ ಕಾಯುತ್ತಿರಬೇಕು, ಅವಳೂ ಕಾಯುತ್ತಿರಬೇಕು. ಅತ್ತೆಯನ್ನು ಕೇಳಬಹುದಿತ್ತು. ಕೇಳಿದರೆ ಬರುವ ಉತ್ತರ ಗೊತ್ತಿತ್ತು.

ಅವಳು ಕೇಳದೆ ಹೊಲಿದಳು. ಅವನ ಮೇಲೆ, ಕೋಟಿನ ಮೇಲೆ, ಸುತ್ತಲೂ ಮಳೆ ಹೊಲಿದಳು.

ಸಂಜೆ ಅತ್ತೆ ಬಂದು ಬೆರಳಾಡಿಸಿದರು. ಟೋಪಿ, ತೋಳು, ಕೋಟಿನ ಅಂಚು. ಬೂಟಿನ ಹತ್ತಿರ ಬೆರಳು ನಿಂತಿತು, ಹಿಂದೆ ಹೋಯಿತು, ಮತ್ತೆ ಬಂತು.

"ಹಿಮ್ಮಡಿ," ಎಂದರು.

ಸೊಸೆ ಬೈಗುಳಕ್ಕೆ ಕಾದಳು, ಅಳುವಿಗೆ ಕಾದಳು.

"ಇನ್ನೂ ಎರಡು ಹೊಲಿಗೆ ಹಾಕು," ಎಂದರು ಅತ್ತೆ. ದನಿ ಸಣ್ಣಗಿತ್ತು. "ಮಳೇಲಿ ಜಾರೋ ದಾರಿ ಅದು."

ಮರುದಿನ ಸೊಸೆ ಮುಖವನ್ನೂ ತೊಳೆಯದೆ ಹೊಲಿಗೆಯ ಕೋಣೆಗೆ ಹೋದಳು. ಮಳೆ ಸುರಿಯುತ್ತಲೇ ಇತ್ತು; ಒಂದು ಎಳೆಯೂ ಸಡಿಲವಾಗಿರಲಿಲ್ಲ. ಮೇಜಿನ ಮೇಲೆ ಸುರುಳಿ ಇರಲಿಲ್ಲ. ಅವಳು ಬಗ್ಗಿ ಮೇಜಿನ ಕೆಳಗೂ ನೋಡಿದಳು.

"ಬಿಚ್ಚಿದಾನಾ?" ಬಾಗಿಲಲ್ಲಿ ಅತ್ತೆ.

"ಇಲ್ಲ ಅತ್ತೆ."

"ಸರಿಯಾಗಿ ನೋಡೇ," ಎಂದರು ಅತ್ತೆ.

ಅವಳು ಮತ್ತೊಮ್ಮೆ ನೋಡಿದಳು.