ಫ್ಲೆಕ್ಸಿನಲ್ಲಿ ನಗುವ ಕದೀಜಮ್ಮ

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಮೊದಲ ಡ್ರಾಫ್ಟು 'ಸಾಮಾಜಿಕ ಹೊಣೆಗಾರಿಕೆ' ಎಂಬ ಘನವಾದ ಮಾತಿನಿಂದ ಶುರುವಾಗಿತ್ತು. ಎರಡನೇ ಸಾಲಿಗೇ ಆಕಳಿಕೆ ಬಂತು, ಹರಿದು ಹಾಕಿದೆ. ಇರಲಿ, ಕಕ್ಕಸಿನಿಂದಲೇ ಶುರು ಮಾಡೋಣ.

೧
ಪೆರಾಬೆಯ ಹತ್ತಿರ ಅಡಿಕೆ ಹಾಳೆಯ ತಟ್ಟೆ ಮಾಡಿ ವಿದೇಶಕ್ಕೆ ಕಳಿಸುವ ಕಂಪನಿಯೊಂದಿದೆ (ಕತೆಗೆಂದು ನಾನೇ ಕಟ್ಟಿದ್ದು, ಹುಡುಕಿಕೊಂಡು ಹೋಗಬೇಡಿ). ರಿಝ್ವಾನಾ ಅಲ್ಲಿಯ ಸಿಎಸ್ಸಾರ್ ಆಫೀಸರ್. ಲಾಭದ ಒಂದು ಪಾಲನ್ನು ಊರಿನ ಒಳ್ಳೆಯದಕ್ಕೆ ಖರ್ಚು ಮಾಡಿಸಿ, ಫೋಟೋ ತೆಗೆಸಿ, ವರದಿ ಕಳಿಸುವುದು ಅವಳ ಕೆಲಸ. ಈ ವರ್ಷ ಕಾಣಿಯೂರಿನ ಕಡೆಯ ಶಾಲೆಯೊಂದಕ್ಕೆ ಹೆಣ್ಣುಮಕ್ಕಳ ಶೌಚಾಲಯ ಕಟ್ಟಿಸಿದಳು. ಟೈಲ್ಸು, ನಲ್ಲಿ, ಕನ್ನಡಿ, ಎಲ್ಲ ಭರ್ಜರಿ.

ಕಂಪನಿಯ ಕೆಲಸದ ಹೆಂಗಸರಿಗೆ ಕಕ್ಕಸಿಲ್ಲ. (ಈ ವಾಕ್ಯವನ್ನೇ ಆವರಣದೊಳಗೆ ಅಡಗಿಸಲು ನೋಡಿದೆ. ಆಗಲಿಲ್ಲ.)

ಹಾಳೆ ನೆನೆಸುವ ತೊಟ್ಟಿಯಲ್ಲಿ ಬೆಳಗಿನಿಂದ ಕೈಯಿಟ್ಟು ನಿಂತವರು ಬೇಲಿ ದಾಟಿ ಪೂವಮ್ಮನ ಮನೆಗೆ ಹೋಗಬೇಕು. ಪೂವಮ್ಮ ಬೇಡ ಅಂದವರಲ್ಲ. ಆದರೆ ಎಷ್ಟು ಸಲ ಹೋಗುವುದು? ಅದಕ್ಕೇ ಅವರಲ್ಲೊಬ್ಬರಾದ ಕದೀಜಮ್ಮ ಕೆಲಸದ ಹೊತ್ತಿನಲ್ಲಿ ನೀರೇ ಕುಡಿಯುವುದಿಲ್ಲ. ಉರಿಮೂತ್ರವಾಗಿ ಆಸ್ಪತ್ರೆ ಸೇರಿದ್ದರು. ಹೀಗೇ ಮಾಡಿದರೆ ಕಿಡ್ನಿ ಹೋದೀತು ಎಂದು ಡಾಕ್ಟರು ಬೈದಿದ್ದಾರೆ. ಈ ಕದೀಜಮ್ಮ ರಿಝ್ವಾನಾಳ ಪಕ್ಕದ ಮನೆಯವರು, ಅವಳನ್ನು ಸೊಂಟದ ಮೇಲೆ ಹೊತ್ತು ಆಡಿಸಿದವರು.

ರಿಝ್ವಾನಾ ಕೇಳಲಿಲ್ಲವೆಂದಲ್ಲ, ಮ್ಯಾನೇಜರ್ ಉದಯಶಂಕರರನ್ನು ಕೇಳಿದ್ದಳು.

"ನಮ್ಮ ಕೆಲಸದವರಿಗೆ ಮಾಡಿದ್ರೆ ಅದು ಸಿಎಸ್ಸಾರ್ ಲೆಕ್ಕಕ್ಕೆ ಬರುದಿಲ್ಲ. ರೂಲ್ಸ್ ಉಂಟಲ್ಲ?"

"ಕಂಪನಿಯ ಬೇರೆ ಖರ್ಚಿನಲ್ಲಿ ಆಗುದಿಲ್ವಾ ಸಾರ್?"

"ನೋಡುವ."

ನಮ್ಮ ಕಡೆ 'ನೋಡುವ' ಎಂದರೆ ಏನೆಂದು ಅವಳಿಗೆ ಗೊತ್ತು. ಆದರೂ ಥ್ಯಾಂಕ್ಯೂ ಸಾರ್ ಎಂದು ಹೊರಗೆ ಬಂದಳು.

೨
ವರದಿಗೆ ಫಲಾನುಭವಿಗಳ ಫೋಟೋ ಬೇಕು. ಶಾಲೆಗೆ ಬೇಸಿಗೆ ರಜೆ. ರಿಝ್ವಾನಾ ತೊಟ್ಟಿಯ ಹೆಂಗಸರನ್ನೇ ಹಾಳೆಯ ಪಿಕಪ್ಪಿಗೆ ಹತ್ತಿಸಿ, ಏಪ್ರನ್ ಬಿಚ್ಚಿಸಿ, 'ಶಾಲೆಯ ತಾಯಂದಿರು' ಮಾಡಿದಳು.

ಫೋಟೋಗ್ರಾಫರ್ ಕೌಶಲ್ ಎಲ್ಲರಿಗೂ ಕುಡಿಯಲು ಬೊಂಡ ತರಿಸಿದ. ಹೊಸ ಕಕ್ಕಸು ಕಣ್ಣೆದುರೇ ಇದೆಯಲ್ಲ ಎಂಬ ಧೈರ್ಯದಲ್ಲಿ ಕದೀಜಮ್ಮ ಎಳನೀರು ಪೂರ್ತಿ ಕುಡಿದರು. ಫೋಟೋದಲ್ಲಿ ಅವರದೇ ದೊಡ್ಡ ನಗು.

"ಇನ್ನು ಬಾಗಿಲು ತೆಗೀಲಿಕ್ಕೆ ಹೇಳು ಮಗಳೇ."

ಬೀಗದ ಕೀ ಹೆಡ್‌ಮಾಸ್ಟರ ಹತ್ತಿರ. ಅವರು ಪಂಜ ಪೇಟೆಯಲ್ಲಿ ಮದುವೆ ಊಟಕ್ಕೆ ಕೂತಿದ್ದರು.

ದಾರಿಯಲ್ಲಿ ಗಾಡಿ ನಿಲ್ಲಿಸು ಎಂದು ಡ್ರೈವರನಿಗೆ ಹೇಳಲು ಕದೀಜಮ್ಮನಿಗೆ ನಾಚಿಕೆ. ಕಂಪನಿಯಲ್ಲಿ ಇಳಿಯುವಾಗ ಬಟ್ಟೆ ಒದ್ದೆಯಾಗಿತ್ತು. ಜೊತೆಯ ಫೌಝಿಯಾ ತೊಟ್ಟಿಯಿಂದ ಒಂದು ಚೊಂಬು ನೀರು ತೆಗೆದು ಅವರ ಸೊಂಟಕ್ಕೆ ಸುರಿದಳು. ಆಮೇಲೆ ತನ್ನ ಮೇಲೂ ಸುರಿದುಕೊಂಡಳು. ರಿಝ್ವಾನಾ ಮುಂದಿನ ಸೀಟಿನಿಂದ ಇಳಿಯದೆ ನೋಡಿದಳು. ಅವಳಿಗಾದ ನಾಚಿಕೆಗೆ ಸುರಿಯಲು ಯಾವ ತೊಟ್ಟಿಯಲ್ಲೂ ನೀರಿರಲಿಲ್ಲ.

೩
(ಮುಕ್ತಾಯ ಒಂದು: ರಿಝ್ವಾನಾ ರಾಜೀನಾಮೆ ಬಿಸಾಕುತ್ತಾಳೆ.)

"ಬಿಸಾಕಿದ್ರೆ ಅವರಿಗೆ ಕಕ್ಕಸು ಬರ್ತದಾ?" ಎಂದು ಅವಳೇ ನನ್ನನ್ನು ಕೇಳಿದಳು. ಆ ಮುಕ್ತಾಯ ಹೊಡೆದು ಹಾಕಿದೆ.

(ಮುಕ್ತಾಯ ಎರಡು: ಉದಯಶಂಕರರ ಮನಸ್ಸು ಕರಗಿ, ಶೌಚಾಲಯ ಕಟ್ಟಿಸಿ, ರಿಬ್ಬನಿಗೆ ಕದೀಜಮ್ಮನಿಂದಲೇ ಕತ್ತರಿ ಹಾಕಿಸುತ್ತಾರೆ.)

"ನೀವೂ ಫೋಟೋ ತೆಗೆಯುವವರೇ ಅಲ್ವಾ ಮಾರಾಯ್ರೆ?" ಎಂದರು ಕದೀಜಮ್ಮ. "ನಾನು ಬರುದಿಲ್ಲ. ಒಮ್ಮೆ ನಕ್ಕದ್ದು ಸಾಕು."

೪
ಈಗ ಆ ಫೋಟೋ ಗೇಟಿನ ಮೇಲೆ ಫ್ಲೆಕ್ಸಾಗಿದೆ. ಇವತ್ತು ಕದೀಜಮ್ಮ ತಮ್ಮದೇ ನಗುವಿನ ಕೆಳಗಿನಿಂದ ದಾಟಿ ಪೂವಮ್ಮನ ಮನೆಯ ಕಡೆ ಹೊರಟಿದ್ದಾರೆ, ಸ್ವಲ್ಪ ಬಿರುಸಾಗಿ. ರಿಝ್ವಾನಾ ಆಫೀಸಿನ ಮೆಟ್ಟಿಲಲ್ಲಿ ನಿಂತಿದ್ದಾಳೆ.

ನಿಮ್ಮಿಂದ ಒಂದು ಸಂಗತಿ ಮುಚ್ಚಿಟ್ಟಿದ್ದೆ. ಅವಳೇ ಹೇಳಬೇಡಿ ಎಂದಿದ್ದಳು. ಆಫೀಸಿನವರಿಗೆಂದು ಒಳಗೆ ಒಂದು ಟಾಯ್ಲೆಟ್ ಇದೆ. ಅದರ ಕೀ ಮೊದಲ ದಿನದಿಂದಲೂ ಅವಳ ಬ್ಯಾಗಿನಲ್ಲಿದೆ.

ಕರೆಯುತ್ತಾಳೆ ಎಂದು ಬರೆದೆ, ಹೊಡೆದೆ. ಕರೆಯುವುದಿಲ್ಲ ಎಂದು ಬರೆದೆ, ಅದನ್ನೂ ಹೊಡೆದೆ. ಸದ್ಯಕ್ಕೆ ಅವಳ ಕೈ ಬ್ಯಾಗಿನೊಳಗಿದೆ. ಕದೀಜಮ್ಮ ಬೇಲಿಯ ಹತ್ತಿರ ತಲುಪಿದ್ದಾರೆ.